ಐದಾರು ಊರಿಗೆ ಒಂದೇ ಬಿಎಂಸಿ: ಅರಸೀಕೆರೆ ಕಡೆಯ ನನ್ನ ಅನುಭವ

ಹಾಸನ ಹಾಲು ಒಕ್ಕೂಟದ ವ್ಯಾಪ್ತಿ ಹಾಸನ, ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಿಗೆ ಹರಡಿದೆ. ಎಲ್ಲ ಊರಲ್ಲೂ ಬಿಎಂಸಿ, ಅಂದರೆ ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕ್ (ಬಲ್ಕ್ ಮಿಲ್ಕ್ ಕೂಲರ್), ತುಂಬುವಷ್ಟು ಹಾಲು ಬರುವುದಿಲ್ಲ. ಅಕ್ಕಪಕ್ಕದ ಡೈರಿಗಳು ಸೇರಿ ಒಂದೇ ಟ್ಯಾಂಕಿಗೆ ಹಾಲು ಸುರಿಯುವುದೇ ದಾರಿ. ಆದರೆ ಟ್ಯಾಂಕಿಗೆ ಬಿದ್ದ ಮೇಲೆ ಹಾಲು ಯಾವ ಊರಿನದೆಂದು ಹೇಳಲಾಗದು. ಜಗಳ ಹುಟ್ಟುವುದು ಅಲ್ಲೇ.

ಅದಕ್ಕೇ ಪ್ರತಿ ಡೈರಿಯ ಹಾಲನ್ನೂ ಸುರಿಯುವ ಮುಂಚೆ ಬೇರೆಬೇರೆಯಾಗಿ ನೋಡುತ್ತೇವೆ. ಮುಚ್ಚಳ ತೆಗೆದ ಕೂಡಲೇ ವಾಸನೆ. ಅನುಮಾನ ಬಂದರೆ 5 ಎಂ.ಎಲ್. ಹಾಲನ್ನು ಟೆಸ್ಟ್ ಟ್ಯೂಬಿನಲ್ಲಿ, ಕುದಿಯುವ ನೀರಿನಲ್ಲಿ 5 ನಿಮಿಷ ಇಡುವುದು. ಒಡೆದರೆ ಆ ಕ್ಯಾನ್ ಪಕ್ಕಕ್ಕೆ. ಆಮೇಲೆ ತೂಕ. ಪ್ಲಂಜರ್ ಹಾಕಿ ತಳದಿಂದ ಕಲಕಿದ ಮೇಲೆಯೇ ಸ್ಯಾಂಪಲ್, ಏಕೆಂದರೆ ಕೆನೆ ಮೇಲೆ ನಿಂತಿದ್ದರೆ ಫ್ಯಾಟ್ ಸುಳ್ಳು ಹೇಳುತ್ತದೆ. ನೊರೆ ಇದ್ದರೂ ಅಷ್ಟೇ, ಹಾಲು ಪರೀಕ್ಷಿಸುವ ಮೆಷಿನ್ ರೀಡಿಂಗ್ ಏರುಪೇರಾಗುತ್ತದೆ.

ದಿನದ ಲೆಕ್ಕ ಹೀಗೆ: ಒಂದು ಡೈರಿಯ 400 ಲೀಟರಿಗೆ ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಶೇ. 8.5, ಇನ್ನೊಂದರ 100 ಲೀಟರಿಗೆ 8.0 ಬಂದರೆ ಟ್ಯಾಂಕಿನಲ್ಲಿ 8.4 ಇರಬೇಕು. ಅದಕ್ಕಿಂತ ಕಡಿಮೆ ಬರುತ್ತಲೇ ಇದ್ದರೆ ಹಾಲು ಹಾಕುವವರನ್ನು ಬೈಯುವ ಮುಂಚೆ ಮೆಷಿನ್ ನೋಡಿ. ಎಲ್ಲ ಡೈರಿಗಳ ಮೆಷಿನ್ನಿನಲ್ಲೂ ಒಂದೇ ಬಾಟಲಿ ಹಾಲು ಓಡಿಸಿದರೆ ತಪ್ಪು ಎಲ್ಲಿದೆ ಎಂದು ಗೊತ್ತಾಗುತ್ತದೆ. ಈ ಒಂದು ಕೆಲಸದಿಂದ ಡೈರಿ ಕಾರ್ಯದರ್ಶಿಗಳ ನಡುವೆ ಬೆಳೆಯುವ ನಂಬಿಕೆ ಹತ್ತು ಸಭೆ ನಡೆಸಿದರೂ ಬರುವುದಿಲ್ಲ.

ಕೂಲಿಂಗ್ 4 ಡಿಗ್ರಿಗೆ ಇಳಿಯಬೇಕು. ಹಾಲು ಕರೆದ ಎರಡು ಮೂರು ಗಂಟೆಯೊಳಗೆ ದೂರದ ಊರಿನ ಕೊನೆಯ ಕ್ಯಾನೂ ಬಂದು ಸೇರುವಂತೆ ಗಾಡಿಯ ಹೊತ್ತು ಗೊತ್ತು ಮಾಡಿ. ತಣ್ಣಗಿದ್ದ ಬೆಳಗಿನ ಹಾಲಿನ ಮೇಲೆ ಸಂಜೆಯ ಬಿಸಿ ಹಾಲು ಬಿದ್ದಾಗ 10 ಡಿಗ್ರಿ ದಾಟಕೂಡದು. ಕರೆಂಟ್ ಹೋಗುವ ಹೊತ್ತೂ ಅದೇ ಆಗಿರುವುದರಿಂದ ಜನರೇಟರಿಗೆ ಡೀಸೆಲ್ ಸದಾ ಇರಲಿ.

ಟ್ಯಾಂಕ್ ಖಾಲಿಯಾದ ತಕ್ಷಣ ಮೊದಲು ಉಗುರುಬೆಚ್ಚಗಿನ ನೀರು. ಕುದಿನೀರನ್ನೇ ಮೊದಲು ಹಾಕಿದರೆ ಹಾಲಿನ ಪ್ರೋಟೀನ್ ಗೋಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿನೀರಲ್ಲಿ ಕ್ಷಾರದ ದ್ರಾವಣ, ತೊಳೆದು ಮತ್ತೆ ಚೊಕ್ಕ ನೀರು. ಬೋರ್‌ವೆಲ್ ನೀರು ಗಡಸಾಗಿರುವ ನಮ್ಮ ಕಡೆ ಆಗಾಗ ಆಸಿಡ್ ತೊಳೆತವೂ ಬೇಕು, ಇಲ್ಲದಿದ್ದರೆ ಬಿಳಿ ಕರೆ ಕಟ್ಟಿ ಅದರಡಿ ಬ್ಯಾಕ್ಟೀರಿಯಾ ಉಳಿಯುತ್ತದೆ.

ಕರೆಂಟ್, ಡೀಸೆಲ್ ಖರ್ಚನ್ನು ತಲೆಗಿಷ್ಟು ಎಂದಲ್ಲ, ಲೀಟರಿಗಿಷ್ಟು ಎಂದು ಹಂಚಿ. ಬಟವಾಡೆಗೆ ಮುಂಚೆಯೇ ಲೆಕ್ಕವನ್ನು ಗೋಡೆಗೆ ಅಂಟಿಸಿ.

ಬೇಸಿಗೆಯಲ್ಲಿ ಬರೀ ಒಣಹುಲ್ಲು ತಿಂದ ಹಸುವಿನ ಹಾಲಿನಲ್ಲಿ ಎಸ್‌ಎನ್‌ಎಫ್ ಇಳಿಯುತ್ತದೆ. ಅದಕ್ಕೆ ಡೈರಿಗಳು ಸೇರಿಯೇ ರಸಮೇವು (ಹಸಿಮೇವನ್ನು ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ್ದು, ಸೈಲೇಜ್) ಮಾಡಿದರೆ ಕತ್ತರಿಸುವ ಯಂತ್ರದ ಬಾಡಿಗೆ ಹಂಚಿಹೋಗುತ್ತದೆ. ಮುಸುಕಿನ ಜೋಳದ ಕಾಳು ಹಾಲುಗಟ್ಟಿ ಬಲಿಯತೊಡಗಿದಾಗ ಕೊಯ್ದು, ಇಂಚಿನಷ್ಟು ಕತ್ತರಿಸಿ, ಗಾಳಿ ಇರದಂತೆ ತುಳಿದು ಮುಚ್ಚಿ. 45 ದಿನಕ್ಕೆ ತೆರೆಯಬಹುದು. ತೆರೆದ ಮೇಲೆ ಎದುರಿನ ಮುಖದಿಂದ ದಿನವೂ ಒಂದು ಪದರ ತೆಗೆಯಲೇಬೇಕು, ಬಿಟ್ಟರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದದ್ದನ್ನು ಗಬ್ಬದ ಹಸುವಿಗೆ ಹಾಕಲೇಬೇಡಿ.