ವಿಡಿಯೋದಲ್ಲಿ ಚಲಿಸುವ ವಸ್ತುಗಳನ್ನು ಹಿನ್ನೆಲೆಯಿಂದ ಬೇರ್ಪಡಿಸುವ ವಿಧಾನ

ಅಲುಗಾಡದೆ ನಿಂತ ಕ್ಯಾಮೆರಾವೊಂದು ಸೆರೆಹಿಡಿದ ವಿಡಿಯೋದ ಪ್ರತಿ ಫ್ರೇಮಿನಲ್ಲಿಯೂ ಯಾವ ಪಿಕ್ಸೆಲ್‌ಗಳು ಚಲಿಸುವ ವಸ್ತುವಿಗೆ ಸೇರಿವೆ, ಯಾವುವು ಹಿನ್ನೆಲೆಗೆ ಸೇರಿವೆ ಎಂದು ಗುರುತಿಸಿ, ಕಪ್ಪು-ಬಿಳುಪಿನ ಮಾಸ್ಕ್ (ವಸ್ತು ಬಿಳಿಯಾಗಿ, ಹಿನ್ನೆಲೆ ಕಪ್ಪಾಗಿ ಕಾಣುವ ಚಿತ್ರ) ಪಡೆಯುವುದು ಇಲ್ಲಿನ ಕೆಲಸ. ಈಗಿನ ಫ್ರೇಮಿನಿಂದ ಹಿಂದಿನ ಫ್ರೇಮನ್ನು ಕಳೆದರೆ ಸಾಲದೇ ಎಂದು ಮೊದಲಿಗೆ ಅನ್ನಿಸುವುದು ಸಹಜ. ಆದರೆ ಹಾಗೆ ಮಾಡಿದಾಗ ಒಂದೇ ಬಣ್ಣದ ದೊಡ್ಡ ವಸ್ತುವಿನ ಅಂಚುಗಳಷ್ಟೇ ಸಿಕ್ಕಿ ಒಳಭಾಗ ಟೊಳ್ಳಾಗಿ ಉಳಿಯುತ್ತದೆ. ಗಾಳಿಗೆ ಅಲುಗುವ ಎಲೆಗಳೂ ಚಲಿಸುವ ವಸ್ತುಗಳ ಲೆಕ್ಕಕ್ಕೆ ಸೇರುತ್ತವೆ.

ಎಲೆಯ ಸಮಸ್ಯೆಗೆ ಸಂಶೋಧಕರಾದ ಸ್ಟೌಫರ್ ಮತ್ತು ಗ್ರಿಮ್ಸನ್ 1999ರಲ್ಲಿ ಒಂದು ಪರಿಹಾರವನ್ನು ಮುಂದಿಟ್ಟರು. ಒಂದೇ ಪಿಕ್ಸೆಲ್ ಒಮ್ಮೆ ಎಲೆಯನ್ನೂ ಇನ್ನೊಮ್ಮೆ ಆಕಾಶವನ್ನೂ ತೋರಿಸುವುದರಿಂದ, ಅದರ ಬಣ್ಣವನ್ನು ಒಂದು ಸರಾಸರಿಯ ಬದಲು ಹಲವು ಗಾಸಿಯನ್ ಹಂಚಿಕೆಗಳ (ಒಂದು ಸರಾಸರಿಯ ಸುತ್ತ ಗಂಟೆಯಾಕಾರದಲ್ಲಿ ಹರಡಿದ ಬೆಲೆಗಳ) ಮಿಶ್ರಣವಾಗಿ ಕಲಿಯಬೇಕು ಎಂಬುದು ಅದರ ತಿರುಳು. ಪ್ರತಿ ಪಿಕ್ಸೆಲ್‌ಗೆ ಎಷ್ಟು ಗಾಸಿಯನ್‌ಗಳು ಬೇಕೆಂಬುದನ್ನೂ ತಾನೇ ನಿರ್ಧರಿಸುವ ರೂಪವನ್ನು ಝಿವ್ಕೋವಿಚ್ 2004ರಲ್ಲಿ ನೀಡಿದರು. ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್ ಲೈಬ್ರರಿಯಾದ ಓಪನ್‌ಸಿವಿಯಲ್ಲಿ ಎಂಒಜಿ2 ಎಂಬ ಹೆಸರಿನಲ್ಲಿರುವುದು ಇದೇ, ಮತ್ತು ಕೆಲಸವನ್ನು ಇದರಿಂದಲೇ ಆರಂಭಿಸುವುದು ಒಳ್ಳೆಯದು. ಲೇಬಲ್ ಹಚ್ಚಿದ ದತ್ತಾಂಶವಾಗಲಿ ಜಿಪಿಯು ಆಗಲಿ ಇದಕ್ಕೆ ಬೇಕಿಲ್ಲ.

ಪೈಥಾನ್‌ನಲ್ಲಿ ಎಂಒಜಿ2 ಆಬ್ಜೆಕ್ಟ್ ಒಂದನ್ನು ರಚಿಸಿ, ಪ್ರತಿ ಫ್ರೇಮನ್ನೂ ಅದರ ಅಪ್ಲೈ ಫಂಕ್ಷನ್‌ಗೆ ಕೊಟ್ಟರೆ ಮಾಸ್ಕ್ ಸಿಗುತ್ತದೆ. ಈ ಮಾಸ್ಕ್‌ನಲ್ಲಿ ವಸ್ತುವಿಗೆ 255, ಹಿನ್ನೆಲೆಗೆ 0, ನೆರಳಿಗೆ 127 ಎಂಬ ಬೆಲೆಗಳಿರುತ್ತವೆ. ಸೊನ್ನೆಯಲ್ಲದ್ದೆಲ್ಲವನ್ನೂ ವಸ್ತುವೆಂದು ಎಣಿಸಿದರೆ ನೆರಳುಗಳೂ ಸೇರಿಹೋಗುವುದರಿಂದ, 200ರ ಆಸುಪಾಸಿನಲ್ಲಿ ಥ್ರೆಶೋಲ್ಡ್ ಹಾಕಿ, ಅದಕ್ಕಿಂತ ಹೆಚ್ಚಿನ ಬೆಲೆಗಳನ್ನಷ್ಟೇ ವಸ್ತುವೆಂದು ಎಣಿಸಬೇಕು.

ನಿಜವಾದ ಎಚ್ಚರ ಬೇಕಿರುವುದು ಹಿನ್ನೆಲೆಯನ್ನು ಕಲಿಯಲು ಎಷ್ಟು ಫ್ರೇಮುಗಳನ್ನು ಗಣಿಸಬೇಕೆಂದು ಹೇಳುವ ಹಿಸ್ಟರಿ ಎಂಬ ನಿಯತಾಂಕದ ವಿಷಯದಲ್ಲಿ. ಅದರ ಮೂಲ ಬೆಲೆ 500 ಇರುವುದರಿಂದ, ನಿಂತ ವಾಹನವೊಂದು 500 ಫ್ರೇಮುಗಳ ನಂತರವೇ ಹಿನ್ನೆಲೆಯಲ್ಲಿ ಕರಗುತ್ತದೆ ಎಂದು ಭಾವಿಸಿದರೆ ಅದು ತಪ್ಪು. ಕಲಿಕೆಯ ದರ, ಅಂದರೆ ಪ್ರತಿ ಹೊಸ ಫ್ರೇಮಿಗೆ ಕೊಡುವ ಪ್ರಾಮುಖ್ಯ, 1/500 ಆದಾಗ ವಾಹನದ ಬಣ್ಣಕ್ಕಾಗಿ ಹುಟ್ಟಿದ ಹೊಸ ಗಾಸಿಯನ್‌ನ ತೂಕ (ಮಿಶ್ರಣದಲ್ಲಿ ಅದರ ಪಾಲು) ಪ್ರತಿ ಫ್ರೇಮಿಗೂ ಸ್ವಲ್ಪಸ್ವಲ್ಪವೇ ಏರುತ್ತದೆ. ಹಿನ್ನೆಲೆಯ ಪಾಲು 0.9 ಎಂದು ನಿಗದಿಯಾಗಿರುವುದರಿಂದ, ಆ ತೂಕ 0.1 ದಾಟಿದೊಡನೆ ವಾಹನ ಹಿನ್ನೆಲೆಯಾಗಿಬಿಡುತ್ತದೆ. ಲೆಕ್ಕ ಹಾಕಿದರೆ ಇದಕ್ಕೆ ಸುಮಾರು 53 ಫ್ರೇಮುಗಳು ಸಾಕು, ಅಂದರೆ ಸೆಕೆಂಡಿಗೆ 25 ಫ್ರೇಮುಗಳ ವಿಡಿಯೋದಲ್ಲಿ ಎರಡೇ ಸೆಕೆಂಡು! ಹಿಸ್ಟರಿಯನ್ನು 5000ಕ್ಕೆ ಏರಿಸಿದರೆ ಇದು ಸುಮಾರು 21 ಸೆಕೆಂಡುಗಳಿಗೆ ಹಿಗ್ಗುತ್ತದೆ. ಆದರೆ ಮೋಡ ಕವಿದು ಬೆಳಕು ಬದಲಾದಾಗ ಮಾದರಿ ಹೊಂದಿಕೊಳ್ಳುವುದೂ ಅಷ್ಟೇ ನಿಧಾನವಾಗುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದನ್ನು, ದೃಶ್ಯದಲ್ಲಿ ವಸ್ತುಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂಬುದನ್ನು ನೋಡಿಯೇ ತೀರ್ಮಾನಿಸಬೇಕು. ಸಾಧ್ಯವಿದ್ದರೆ ಕ್ಯಾಮೆರಾದ ಸ್ವಯಂಚಾಲಿತ ಎಕ್ಸ್‌ಪೋಷರ್ ಮತ್ತು ವೈಟ್ ಬ್ಯಾಲೆನ್ಸ್‌ಗಳನ್ನು ಸ್ಥಿರಗೊಳಿಸಬೇಕು. ಇದರಿಂದ ತಪ್ಪುವ ತೊಂದರೆಯನ್ನು ಬೇರೆ ನಿಯತಾಂಕಗಳನ್ನು ತಿರುಗಿಸಿ ತಪ್ಪಿಸುವುದು ಕಷ್ಟ.

ಅನಂತರ ಮಾಸ್ಕ್‌ನ ಆಕಾರಗಳನ್ನು ತಿದ್ದುವ ಮಾರ್ಫಾಲಜಿ ಕ್ರಿಯೆಗಳಲ್ಲಿ ಓಪನಿಂಗ್‌ನಿಂದ ಚುಕ್ಕೆಗಳನ್ನು ಅಳಿಸಿ, ಕ್ಲೋಸಿಂಗ್‌ನಿಂದ ತೂತುಗಳನ್ನು ಮುಚ್ಚಿ, ತೀರಾ ಚಿಕ್ಕ ತುಣುಕುಗಳನ್ನು ಕೈಬಿಡಬೇಕು.

ಇಷ್ಟಾದರೂ ವಸ್ತುವಿನ ಬಣ್ಣ ಹಿನ್ನೆಲೆಯ ಬಣ್ಣವನ್ನೇ ಹೋಲುವಲ್ಲಿ ಮಾಸ್ಕ್ ಹರಿದುಹೋಗುತ್ತದೆ, ಏಕೆಂದರೆ ಎಂಒಜಿ2 ಪ್ರತಿ ಪಿಕ್ಸೆಲನ್ನೂ ಒಂಟಿಯಾಗಿ ನೋಡುತ್ತದೆ. ನ್ಯೂರಲ್ ನೆಟ್‌ವರ್ಕ್‌ನ ಅಗತ್ಯ ಬೀಳುವುದು ಇಲ್ಲಿಯೇ. ಹಲವು ಫ್ರೇಮುಗಳ ಮಧ್ಯಾಂಕದಿಂದ ಖಾಲಿ ಹಿನ್ನೆಲೆಯ ಚಿತ್ರವನ್ನು ತಯಾರಿಸಿ, ಅದನ್ನು ಈಗಿನ ಫ್ರೇಮಿನ ಜೊತೆಗೆ ಆರು ಚಾನೆಲ್‌ಗಳಾಗಿ (ಪ್ರತಿ ಚಿತ್ರಕ್ಕೆ ಮೂರು ಬಣ್ಣಗಳು) ಯು-ನೆಟ್ ಮಾದರಿಯ, ಅಂದರೆ ಚಿತ್ರದ ಪ್ರತಿ ಪಿಕ್ಸೆಲ್‌ಗೂ ಉತ್ತರ ಕೊಡುವ, ನೆಟ್‌ವರ್ಕ್‌ಗೆ ಕೊಡುವುದು ಸರಳವಾದ ಮಾರ್ಗ. ಮುನ್ನೆಲೆಯ (ಚಲಿಸುವ ವಸ್ತುವಿನ) ಪಿಕ್ಸೆಲ್‌ಗಳು ಸಾಮಾನ್ಯವಾಗಿ ತೀರಾ ಕಡಿಮೆ ಇರುವುದರಿಂದ, ಎಲ್ಲವನ್ನೂ ಹಿನ್ನೆಲೆಯೆಂದು ಹೇಳಿಯೇ ನೆಟ್‌ವರ್ಕ್ ಒಳ್ಳೆಯ ಅಂಕ ಗಳಿಸಬಲ್ಲದು. ಅದನ್ನು ತಡೆಯಲು ತರಬೇತಿಯ ಲಾಸ್‌ನಲ್ಲಿ (ತಪ್ಪಿನ ಅಳತೆಯಲ್ಲಿ) ಪ್ರತಿ ಪಿಕ್ಸೆಲ್‌ನ ತಪ್ಪನ್ನು ಅಳೆಯುವ ಕ್ರಾಸ್ ಎಂಟ್ರೊಪಿಯ ಜೊತೆಗೆ, ಊಹಿಸಿದ ಮತ್ತು ನಿಜವಾದ ಮುನ್ನೆಲೆ ಎಷ್ಟು ಹೊಂದುತ್ತವೆ ಎಂಬುದನ್ನು ಅಳೆಯುವ ಡೈಸ್ ಲಾಸ್ ಅನ್ನೂ ಸೇರಿಸಬೇಕು.

ತರಬೇತಿಗೆ 11 ವರ್ಗಗಳ 53 ವಿಡಿಯೋಗಳಿರುವ ಸಿಡಿನೆಟ್ 2014 ದತ್ತಾಂಶ ಅನುಕೂಲಕರವಾಗಿದೆ. ಅದರ ಲೇಬಲ್‌ಗಳಲ್ಲಿ 85 ಎಂದರೆ ಪರಿಗಣನೆಯ ಪ್ರದೇಶದ ಹೊರಗಿನದು, 170 ಎಂದರೆ ಚಲನೆ ಅಸ್ಪಷ್ಟವಾದದ್ದು. ಇವೆರಡನ್ನೂ ಲಾಸ್‌ನ ಲೆಕ್ಕದಿಂದ ಹೊರಗಿಡಬೇಕು. ತರಬೇತಿ ಮತ್ತು ಪರೀಕ್ಷೆಯ ಭಾಗಗಳನ್ನು ಫ್ರೇಮುಗಳ ಲೆಕ್ಕದಲ್ಲಿ ಹಂಚದೆ ವಿಡಿಯೋಗಳ ಲೆಕ್ಕದಲ್ಲಿಯೇ ಹಂಚಬೇಕು. ಒಂದೇ ವಿಡಿಯೋದ ಅಕ್ಕಪಕ್ಕದ ಫ್ರೇಮುಗಳು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಅವು ಎರಡೂ ಕಡೆ ಇದ್ದರೆ ನೆಟ್‌ವರ್ಕ್ ಆ ದೃಶ್ಯವನ್ನು ಬಾಯಿಪಾಠ ಮಾಡಿಕೊಂಡು ಭರ್ಜರಿ ಎಫ್-ಅಂಕವನ್ನು (ಗುರುತಿಸಿದ್ದು ಎಷ್ಟು ಸರಿ, ಎಷ್ಟು ಪೂರ್ಣ ಎಂಬೆರಡನ್ನೂ ಸೇರಿಸಿದ ಅಳತೆ) ತೋರಿಸುತ್ತದೆ. ಹೊಸ ಕ್ಯಾಮೆರಾ ಎದುರಾದೊಡನೆ ತಡವರಿಸುತ್ತದೆ. ಆದ್ದರಿಂದ ನೆಟ್‌ವರ್ಕ್ ಎಂದೂ ಕಾಣದ ವಿಡಿಯೋಗಳ ಮೇಲೆ ಅದರ ಅಂಕವನ್ನು ಎಂಒಜಿ2 ಗಳಿಸಿದ ಅಂಕದೊಂದಿಗೆ ಹೋಲಿಸಿ ನೋಡಿದ ನಂತರವೇ ಎರಡರಲ್ಲಿ ಯಾವುದನ್ನು ಬಳಸಬೇಕೆಂದು ನಿರ್ಧರಿಸಬೇಕು.