ಕರಾವಳಿಯ ಆಸ್ಪತ್ರೆಗೆ 5 ಮಿ.ಮೀ. ಗ್ರಾಸ್ಪರ್: ಬಿಚ್ಚಿ ತೊಳೆಯುವಂತೆ ಮಾಡಿದ ಬಗೆ

ದುರಸ್ತಿಗೆ ಬರುವ, ಹೊಟ್ಟೆಗೆ ಸಣ್ಣ ತೂತು ಮಾಡಿ ನಡೆಸುವ ಶಸ್ತ್ರಚಿಕಿತ್ಸೆಯಲ್ಲಿ ಅಂಗಾಂಶ ಹಿಡಿಯುವ ಲ್ಯಾಪರೋಸ್ಕೋಪಿ ಗ್ರಾಸ್ಪರ್‌ನ ಕೊಳವೆಯನ್ನು ಉದ್ದಕ್ಕೆ ಸೀಳಿ ನೋಡಿದರೆ ಹೆಚ್ಚಾಗಿ ಒಂದೇ ರೋಗ ಕಾಣುತ್ತದೆ. ದವಡೆಯ ಹಲ್ಲು ಚೆನ್ನಾಗಿರುತ್ತದೆ, ಹಿಡಿಕೆಯೂ ಗಟ್ಟಿಯಿರುತ್ತದೆ. ಕೊಳವೆಯ ಒಳಮೈ, ಅದರಲ್ಲೂ ತುದಿಯ ನಾಲ್ಕೈದು ಸೆಂಟಿಮೀಟರ್, ಜಂಗು ಹಿಡಿದು ರಾಡ್ ಅಲ್ಲೇ ಕಚ್ಚಿಕೊಂಡಿರುತ್ತದೆ. ಬಿಚ್ಚಲು ಬಾರದ ಕೊಳವೆಯೊಳಗೆ ನೀರು ಹೊಕ್ಕರೆ ಹೊರಬರುವ ದಾರಿಯಿಲ್ಲ. ಹಾಗಾಗಿ ಕಾರವಾರದಲ್ಲಿ ಕೂತು ಗ್ರಾಸ್ಪರ್ ನಕ್ಷೆ ಹಾಕುವಾಗ ಮೊದಲು ಗುರುತು ಮಾಡಿಕೊಳ್ಳುವುದು ನೀರು ಎಲ್ಲಿಂದ ಒಳಹೋಗುತ್ತದೆ, ಎಲ್ಲಿಂದ ಹೊರಬರುತ್ತದೆ ಎಂಬುದನ್ನು. ಹಿಡಿತದ ಬಲದ ಲೆಕ್ಕ ಆಮೇಲೆ.

ನಮ್ಮ ನೀರಿನ ಗುಣ ಗೊತ್ತಿಲ್ಲದೆ ಇಲ್ಲಿಯ ಆಸ್ಪತ್ರೆಗೆ ಉಪಕರಣ ಮಾಡಲು ಬರುವುದಿಲ್ಲ. ಚೀರೆಕಲ್ಲಿನ ನೆಲದ ಬಾವಿನೀರಿನಲ್ಲಿ ಕಬ್ಬಿಣ ಇರುತ್ತದೆ. ಕಾಳಿ, ಅಘನಾಶಿನಿ, ಶರಾವತಿಯ ಅಳಿವೆ ಬದಿಯ ಊರುಗಳಲ್ಲಿ, ಗಜನಿ ಗದ್ದೆಯ ಅಂಚಿನಲ್ಲಿ, ಬೇಸಿಗೆ ಬಂತೆಂದರೆ ಬಾವಿಗೆ ಉಪ್ಪು ಏರುತ್ತದೆ. ಮಳೆಗಾಲದಲ್ಲಿ ಅದೇ ಬಾವಿಗೆ ಬ್ಲೀಚಿಂಗ್ ಪುಡಿ ಬೀಳುತ್ತದೆ. ಮೂರೂ ಸ್ಟೇನ್‌ಲೆಸ್ ಸ್ಟೀಲಿಗೆ ಆಗಿಬರುವುದಿಲ್ಲ. ಸ್ಟೀಲನ್ನು ಕಾಯುವ ಕ್ರೋಮಿಯಂ ಆಕ್ಸೈಡಿನ ತೆಳು ಪದರವನ್ನು ಕ್ಲೋರೈಡ್ ಚುಕ್ಕಿ ಚುಕ್ಕಿಯಾಗಿ ತೂತು ಮಾಡುತ್ತದೆ. ನೀರಿನ ಕಬ್ಬಿಣ, ಹಬೆಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನಲ್ಲಿ ಉಪಕರಣದ ಮೈಮೇಲೆ ಕೂತು ತಾನೇ ಕೆಂಪಾಗುತ್ತದೆ, ನೋಡಿದವರಿಗೆ ಉಪಕರಣವೇ ಜಂಗು ಹಿಡಿದಂತೆ ಕಾಣುತ್ತದೆ. ಇವೆರಡನ್ನು ಬೇರೆ ಮಾಡಲು ಪೆನ್ಸಿಲ್ ರಬ್ಬರ್ ಸಾಕು. ಉಜ್ಜಿದಾಗ ಕಲೆ ಹೋಗಿ ಕೆಳಗೆ ನುಣುಪು ಮೈ ಕಂಡರೆ ಅದು ನೀರಿನ ಕಲೆ. ಕೆಳಗೆ ಸೂಜಿಮೊನೆಯಷ್ಟು ಗುಂಡಿ ಕಂಡರೆ ಲೋಹವೇ ತಿಂದುಹೋಗಿದೆ ಎಂದರ್ಥ. ಥಿಯೇಟರಿನಲ್ಲಿ ಬಳಸಿದ ಉಪಕರಣವನ್ನು ನಾರ್ಮಲ್ ಸಲೈನ್‌ನಲ್ಲಿ ಅದ್ದಿಡುವ ರೂಢಿ ಇನ್ನೂ ಕೆಟ್ಟದ್ದು. ಸಲೈನ್ ಎಂದರೆ ಲೀಟರಿಗೆ 9 ಗ್ರಾಂ ಉಪ್ಪು, ಹೆಚ್ಚುಕಡಿಮೆ ಸಮುದ್ರದ ನೀರಿನ ಕಾಲುಭಾಗ.

ನನ್ನ ಗ್ರಾಸ್ಪರ್‌ನಲ್ಲಿ ಮೂರು ಭಾಗ: ಹಿಡಿಕೆ, ಹೊರಕೊಳವೆ, ಮತ್ತು ದವಡೆ ಸಮೇತದ ರಾಡ್. ಕೊಳವೆ 316ಎಲ್ ಸ್ಟೀಲ್, ಉದ್ದ 330 ಮಿ.ಮೀ., ಹೊರವ್ಯಾಸ 4.2, ಒಳವ್ಯಾಸ 3.5. ಅದರ ಮೇಲೆ 0.35 ಮಿ.ಮೀ. ದಪ್ಪದ ಪೀಕ್ ಪ್ಲಾಸ್ಟಿಕ್ ತೋಳು ಹಾಕಿದರೆ ಒಟ್ಟು 4.9 ಆಗುತ್ತದೆ, 5 ಮಿ.ಮೀ. ಟ್ರೋಕಾರಿನಲ್ಲಿ (ಉಪಕರಣ ಒಳಹೋಗಲು ಹೊಟ್ಟೆಗೆ ತೂರಿಸುವ ಕೊಳವೆ) ಸಲೀಸಾಗಿ ಓಡಾಡುತ್ತದೆ. ರಾಡ್ 2 ಮಿ.ಮೀ. ದಪ್ಪ. ಸುತ್ತ ಉಳಿಯುವ 0.75 ಮಿ.ಮೀ. ಸಂದು ನೀರು ಹರಿಯಲಿಕ್ಕೇ ಬಿಟ್ಟದ್ದು. ದವಡೆ ತೆರೆಯಲು ರಾಡನ್ನು ಮುಂದಕ್ಕೆ ತಳ್ಳಿದಾಗ ಅದು ಬಾಗಬಾರದು, ಅದಕ್ಕೆ ನಡುವೆ ಆಸರೆ ಬೇಕು. ಇಡೀ ಸಂದನ್ನು ಮುಚ್ಚುವ ಬುಷ್ ಹಾಕಿದರೆ ಅದರ ಹಿಂದೆ ರಕ್ತ ನಿಲ್ಲುತ್ತದೆ. ಮೂರು ಏಣಿನ ಆಸರೆ ಕೊಟ್ಟರೆ ಏಣುಗಳ ನಡುವಿನಿಂದ ನೀರು ದಾಟುತ್ತದೆ.

ದವಡೆಯ ಕವೆಯನ್ನು (ದವಡೆಗಳನ್ನು ಹಿಡಿದಿರುವ ಕವಲು ತುಂಡು) ಕೊಳವೆಯ ತುದಿಗೆ ಕೂಡಿಸಲು ಸಣ್ಣ ಮರೆ (ಸ್ಕ್ರೂ ಸುತ್ತು) ಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ನಾನು ಮರೆ ಬಿಟ್ಟು ಎರಡು ಕಿವಿಯ ಕಾಲುಸುತ್ತು ಬೀಗ ಇಟ್ಟಿದ್ದೇನೆ, ಏಕೆಂದರೆ ಮರೆಯ ಸುತ್ತುಗಳಲ್ಲಿ ಒಣಗಿದ ರಕ್ತವನ್ನು ಬ್ರಷ್ ಕೂಡ ತೆಗೆಯಲಾರದು. ಕಿವಿ ಸಣ್ಣದಾದರೂ ಭಯವಿಲ್ಲ. ದವಡೆ ಮುಚ್ಚಲು ರಾಡನ್ನು ಹಿಂದಕ್ಕೆ ಎಳೆದಾಗ ಕವೆ ಕೊಳವೆಯ ಬಾಯಿಗೆ ಒತ್ತಿ ಕೂರುತ್ತದೆ, ಆ ಭಾರವನ್ನೆಲ್ಲ ಕೊಳವೆಯೇ ಹೊರುತ್ತದೆ. ಕಿವಿಗೆ ಬೀಳುವುದು ದವಡೆ ತೆರೆಯುವಾಗಿನ ತಳ್ಳು ಮಾತ್ರ. ಆದರೆ ಹೊಟ್ಟೆಯೊಳಗೆ ತುದಿ ತಿರುಗಿ ಬೀಗ ಕಳಚಿದರೆ ಅನಾಹುತ. ಅದಕ್ಕೆ ರಾಡಿನ ಹಿಡಿಕೆ ಬದಿಯಲ್ಲಿ ಒಂದು ಮಗ್ಗುಲು ಚಪ್ಪಟೆ ಮಾಡಿ, ತಿರುಗಿಸುವ ಗುಬುಟಿನೊಳಗೆ ಅದೇ ಆಕಾರದ ತೂತು ಕೊಡಬೇಕು. ಆಗ ಕೊಳವೆ ತಿರುಗಿದರೆ ರಾಡೂ ಜೊತೆಗೇ ತಿರುಗುತ್ತದೆ, ಬೀಗ ಇದ್ದಲ್ಲೇ ಇರುತ್ತದೆ. ಹಿಡಿಕೆ ಕಳಚದೆ ಬೀಗ ತೆರೆಯುವುದೇ ಇಲ್ಲ.

ಇನ್ನು ಬಲದ ಲೆಕ್ಕ. ಹಿಡಿಕೆಯ ಕೀಲಿನಿಂದ ಬೆರಳಿನ ಉಂಗುರಕ್ಕೆ 78 ಮಿ.ಮೀ., ರಾಡಿನ ಗುಂಡಿಗೆ 13 ಮಿ.ಮೀ., ಅಂದರೆ ಆರು ಪಟ್ಟು. ಕೈ 20 ನ್ಯೂಟನ್ ಒತ್ತಿದರೆ ರಾಡಿನಲ್ಲಿ 120. ಅದು ಎರಡು ಕೊಂಡಿಗೆ ಹಂಚಿ ತಲಾ 60 ಆಗುತ್ತದೆ. ದವಡೆಯ ಕೀಲಿನಲ್ಲಿ ಸಿಗುವ ಮೀಟುದೂರ 1.8 ಮಿ.ಮೀ. ಮಾತ್ರ, ದವಡೆಯ ಉದ್ದ 18. ಕೊನೆಗೆ ತುದಿಯಲ್ಲಿ ಉಳಿಯುವುದು 6 ನ್ಯೂಟನ್, ಅದೂ ಘರ್ಷಣೆ ಕಳೆಯದೆ.

ಈ 1.8ಕ್ಕೆ 18 ಎಂಬ ಹತ್ತು ಪಟ್ಟೇ ಇಡೀ ಕೆಲಸದ ಕೀಲಿಕೈ. ಒಳಗಿನ ಸಡಿಲವೂ ಹತ್ತು ಪಟ್ಟಾಗಿ ತುದಿಗೆ ಬರುತ್ತದೆ. ಒಂದು ದವಡೆಯ ದಾರಿಯಲ್ಲಿ ಮೂರು ಪಿನ್ ಜೋಡಣೆಗಳಿವೆ. ಒಂದೊಂದರಲ್ಲಿ 0.02 ಮಿ.ಮೀ. ಸಡಿಲವಿದ್ದರೆ ಒಟ್ಟು 0.06, ತುದಿಯಲ್ಲಿ 0.6 ಮಿ.ಮೀ. ಅಲುಗಾಟ. ಜೊತೆಗೆ 120 ನ್ಯೂಟನ್ ಎಳೆತಕ್ಕೆ ರಾಡ್ ಸುಮಾರು 0.06 ಹಿಗ್ಗುತ್ತದೆ, ಕೊಳವೆ 0.05 ಕುಗ್ಗುತ್ತದೆ, ತುದಿಯಲ್ಲಿ ಇನ್ನೂ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಹೊಸ ಉಪಕರಣ ಕೈಯಲ್ಲಿ ಚೆನ್ನಾಗಿ ಮುಚ್ಚಿಕೊಂಡು, ಅಂಗಾಂಶ ಹಿಡಿದು ಎಳೆದಾಗ ಮಾತ್ರ ಜಾರುವುದು ಇದರಿಂದಲೇ. ಪರಿಹಾರ ಎರಡು. ಪಿನ್ ತೂತನ್ನು 0.95ಕ್ಕೆ ಕೊರೆದು 1.0 H7 ರೀಮರ್ ಹಾಯಿಸಬೇಕು (ತೂತು ಹೆಚ್ಚೆಂದರೆ 0.010 ದೊಡ್ಡದು), ಪಿನ್ h6 ಅಳತೆಗೆ ಗ್ರೈಂಡ್ ಆಗಿರಬೇಕು (ಹೆಚ್ಚೆಂದರೆ 0.006 ಸಣ್ಣದು), ಆಗ ಸಡಿಲ 0.016 ಮೀರುವುದಿಲ್ಲ. ಎರಡನೆಯದು, ದವಡೆಗಳ ತುದಿ ಮೊದಲು ತಾಗಿ, ಬುಡದಲ್ಲಿ ಅರ್ಧ ಮಿ.ಮೀ.ನಷ್ಟು ಸಂದು ಉಳಿಯುವಂತೆ ರೂಪಿಸಬೇಕು. ಒತ್ತಿದಂತೆ ಸಂದು ಬುಡದ ಕಡೆಗೆ ಮುಚ್ಚುತ್ತ ಹೋಗುತ್ತದೆ.

ಲೋಹದ ಆಯ್ಕೆಯಲ್ಲಿ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಸರ್ಜಿಕಲ್ ಉಪಕರಣವೆಂದರೆ 420 ಸ್ಟೀಲ್ ಎನ್ನುವುದು ರೂಢಿ. ಅಲಗು ಬೇಕಾದ ಕತ್ತರಿಗೆ ಅದೇ ಸರಿ. ಅದನ್ನು ಬಳಸುವಾಗ 1000–1050 ಡಿಗ್ರಿಯಲ್ಲಿ ಗಡಸು ಮಾಡಿ, 150–200 ಡಿಗ್ರಿಯಲ್ಲಿ ಹದ ಕೊಡಬೇಕು. 425–600 ಡಿಗ್ರಿಯಲ್ಲಿ ಹದ ಕೊಟ್ಟರೆ ಕ್ರೋಮಿಯಂ ಕಾರ್ಬೈಡಾಗಿ ಸಿಕ್ಕಿಬಿದ್ದು ತುಕ್ಕುನಿರೋಧ ಕುಸಿಯುತ್ತದೆ, ಲೋಹ ಪೆಡಸೂ ಆಗುತ್ತದೆ. ಆದರೆ ಗ್ರಾಸ್ಪರ್‌ಗೆ ಅಲಗಿಲ್ಲ. ಕರಾವಳಿಗೆ ನಾನು 17-4 ಪಿಎಚ್ ಎಂಬ, ಕಾಯಿಸಿಟ್ಟು ಗಡಸು ಮಾಡುವ ಸ್ಟೇನ್‌ಲೆಸ್ ಸ್ಟೀಲ್ ಬಳಸುತ್ತೇನೆ. ಮೆತ್ತಗಿರುವ ಸ್ಥಿತಿಯಲ್ಲೇ ಕೊರೆದು, 552 ಡಿಗ್ರಿಯಲ್ಲಿ ನಾಲ್ಕು ತಾಸು ಇಟ್ಟು, ಗಾಳಿಯಲ್ಲಿ ಆರಿಸುತ್ತೇನೆ. 482 ಡಿಗ್ರಿಯಲ್ಲಿ ಒಂದು ತಾಸು ಇಟ್ಟರೆ ಇನ್ನೂ ಗಡಸಾಗುತ್ತದೆ ನಿಜ, ಆದರೆ ಉಪ್ಪಿನ ಸಂಗಡ ಎಳೆತ ಸೇರಿದಾಗ ಬಿರುಕು ಬಿಡುವ ಗುಣ ಆ ಸ್ಥಿತಿಯಲ್ಲೇ ಹೆಚ್ಚು. 552 ಡಿಗ್ರಿಯ ಹದದಲ್ಲಿ ಲೋಹ ಸುಮಾರು ಶೇ. 0.05ರಷ್ಟು ಕುಗ್ಗುತ್ತದೆ, 18 ಮಿ.ಮೀ. ದವಡೆಯಲ್ಲಿ 0.009. ಹಾಗಾಗಿ ಕೊನೆಯ ರೀಮರ್ ಹದವಾದ ಮೇಲೆ.

ದವಡೆಯ ಆಕಾರ ತೆಗೆಯುವುದು ವೈರ್‌ಕಟ್ ಯಂತ್ರದಲ್ಲಿ, ಅದಕ್ಕೆ ಘಟ್ಟ ಹತ್ತಿ ಬೆಳಗಾವಿಯ ಉದ್ಯಮಬಾಗಿಗೆ ಕಳಿಸುತ್ತೇನೆ. ಹಿತ್ತಾಳೆ ತಂತಿಯ ಕಿಡಿ ಲೋಹವನ್ನು ಕರಗಿಸಿ ಕತ್ತರಿಸುವುದರಿಂದ ಕತ್ತರಿಸಿದ ಮೈಮೇಲೆ ಮೈಕ್ರಾನುಗಳ ಲೆಕ್ಕದ ಒಂದು ಮರುಗಟ್ಟಿದ ಪದರ ಉಳಿಯುತ್ತದೆ. ಅದರಲ್ಲಿ ತಾಮ್ರ, ಸತು ಬೆರೆತಿರುತ್ತವೆ. ಅದನ್ನು ಬಿಟ್ಟರೆ ಮೊದಲ ಜಂಗು ಅಲ್ಲಿಂದಲೇ. ಒರಟು ಕತ್ತರಿಕೆಯ ನಂತರ ಎರಡು ನವಿರು ಸುತ್ತು ಹಾಯಿಸಿ, ಆಮೇಲೆ ಎಲೆಕ್ಟ್ರೋಪಾಲಿಶ್ (ಆಮ್ಲದಲ್ಲಿ ಕರೆಂಟ್ ಹಾಯಿಸಿ ಮೇಲ್ಮೈ ಕರಗಿಸಿ ನುಣುಪು ಮಾಡುವುದು) ಮಾಡಿಸಲೇಬೇಕು. ಹಲ್ಲಿನ ಅಂಚಿಗೆ 0.2 ಮಿ.ಮೀ. ದುಂಡು ಕೊಟ್ಟರೆ ಕರುಳಿನ ಮೈ ಹರಿಯುವುದಿಲ್ಲ, ಬ್ರಷ್ಷಿನ ಎಳೆಯೂ ಸಿಕ್ಕಿಕೊಳ್ಳುವುದಿಲ್ಲ. ಪಿನ್‌ಗಳನ್ನು ಬರೇ ತಟ್ಟಿ ಅಗಲಿಸಿ ಬಿಡಬಾರದು. ಸಡಿಲಾದ ಪಿನ್ ರೋಗಿಯ ಹೊಟ್ಟೆಯೊಳಗೆ ಬೀಳುತ್ತದೆ. ಎರಡೂ ತುದಿಗೆ ಲೇಸರ್ ವೆಲ್ಡ್ ಹಾಕಿಸಿ, ಹತ್ತು ಪಟ್ಟು ಭೂತಗನ್ನಡಿಯಲ್ಲಿ ಒಂದೊಂದನ್ನೂ ನೋಡಬೇಕು. ಕೊಳವೆಯ ತುದಿಯ ಉಂಗುರಕ್ಕೂ ಲೇಸರ್ ವೆಲ್ಡೇ, ಸುತ್ತಲೂ ಎಲ್ಲೂ ತಪ್ಪದಂತೆ. ಬೆಳ್ಳಿ ಬೆಸುಗೆ ಅಗ್ಗ, ಆದರೆ ಎರಡು ಲೋಹ ಉಪ್ಪುನೀರಿನಲ್ಲಿ ಕೂಡಿದಲ್ಲಿ ಬೆಸುಗೆಯ ಗಡಿಯೇ ತಿಂದುಹೋಗುತ್ತದೆ.

ಪ್ಯಾಸಿವೇಶನ್, ಅಂದರೆ ಆಮ್ಲದಲ್ಲಿ ತೊಳೆದು ಕ್ರೋಮಿಯಂ ಆಕ್ಸೈಡಿನ ಪದರವನ್ನು ಗಟ್ಟಿ ಮಾಡುವುದು, ಇಲ್ಲೇ ಮಾಡಬಹುದು. ಎಣ್ಣೆ ಪೂರ್ತಿ ತೆಗೆದು, ಶೇ. 10ರ ಸಿಟ್ರಿಕ್ ಆಮ್ಲದಲ್ಲಿ 55 ಡಿಗ್ರಿಯಲ್ಲಿ 20 ನಿಮಿಷ, ನಂತರ ಡಿಸ್ಟಿಲ್ಡ್ ನೀರಿನಲ್ಲಿ ತೊಳೆತ. ಎಣ್ಣೆಯ ಅಂಟು ಉಳಿದಲ್ಲಿ ಆಮ್ಲ ತಾಗುವುದೇ ಇಲ್ಲ, ಅದೇ ಜಾಗ ಮುಂದೆ ಕೆಂಪಾಗುತ್ತದೆ. ಪರೀಕ್ಷೆಗೆ ಡಿಸ್ಟಿಲ್ಡ್ ನೀರಿನಲ್ಲಿ 30 ನಿಮಿಷ ಕುದಿಸಿ, ಅದೇ ನೀರಿನಲ್ಲಿ ಮೂರು ತಾಸು ಆರಲು ಬಿಟ್ಟು, ಹೊರತೆಗೆದು ಎರಡು ತಾಸು ಗಾಳಿಗಿಡುತ್ತೇನೆ. ಬಟ್ಟೆಯಲ್ಲಿ ಉಜ್ಜಿದರೂ ಹೋಗದ ಚುಕ್ಕಿ ಒಂದೇ ಇದ್ದರೂ ಆ ತುಂಡು ಹಿಂದಕ್ಕೆ.

ಕಾಟರಿ (ಅಂಗಾಂಶ ಸುಟ್ಟು ರಕ್ತ ನಿಲ್ಲಿಸುವ ಕರೆಂಟ್) ಹಾಯಿಸುವ ಉಪಕರಣವಾದ್ದರಿಂದ ಪ್ಲಾಸ್ಟಿಕ್ ತೋಳು ಅಲಂಕಾರಕ್ಕಲ್ಲ. ಅದರಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ಕರೆಂಟ್ ಅಲ್ಲಿಂದ ಹಾರಿ, ಕ್ಯಾಮೆರಾಕ್ಕೆ ಕಾಣದ ಜಾಗದಲ್ಲಿ ಕರುಳು ಸುಡುತ್ತದೆ. ದಿನಗಳ ನಂತರ ತೂತಾದಾಗಲೇ ಗೊತ್ತಾಗುವುದು. ಪೀಕ್ ಆರಿಸಲು ಕಾರಣ, ಅದು ಮೆತ್ತಗಾಗಲು ತೊಡಗುವುದು 143 ಡಿಗ್ರಿಯಲ್ಲಿ, ಆಟೋಕ್ಲೇವ್ ನಡೆಯುವುದು 134ರಲ್ಲಿ. ಅಂಗಡಿಯಲ್ಲಿ ಸಿಗುವ ಸಾದಾ ಹೀಟ್‌ಶ್ರಿಂಕ್ ತೋಳು ಈ ಕೆಲಸಕ್ಕೆ ಬೇಡವೇ ಬೇಡ. ಪರೀಕ್ಷೆಗೆಂದೇ ತೋಳನ್ನು ರಾತ್ರಿಯಿಡೀ ಸಲೈನ್‌ನಲ್ಲಿ ನೆನೆಸಿ, ಒರೆಸಿ, ಸುಮಾರು 3,000 ವೋಲ್ಟಿನ ಪರೀಕ್ಷಾ ಉಂಗುರವನ್ನು ತೋಳಿನ ಉದ್ದಕ್ಕೂ ನಿಧಾನ ಎಳೆದರೆ ಬಿರುಕಿದ್ದಲ್ಲಿ ಕಿಡಿ ಹಾರುತ್ತದೆ. ಹೆಚ್ಚು ಪೆಟ್ಟು ಬೀಳುವುದು ದವಡೆಯ ಹಿಂದಿನ ಒಂದೆರಡು ಇಂಚಿಗೆ, ಟ್ರೋಕಾರಿನ ಅಂಚು ಉಜ್ಜುವಲ್ಲಿ. ತೋಳನ್ನು ಕೊಳವೆಯಿಂದ ಜಾರಿಸಿ ತೆಗೆದು ಹೊಸದು ಹಾಕುವಂತೆ ಇಟ್ಟಿರುವುದು ಇದಕ್ಕೇ.

ತೊಳೆಯುವ ಬಾಯಿ ಹಿಡಿಕೆಯ ಮುಂದೆ ಇದೆ, ಸಾಮಾನ್ಯ ಸಿರಿಂಜ್ ಕೂರುವ ಲೂಯರ್ ಅಳತೆಯದು. ಅದಕ್ಕೆ ಮುಚ್ಚಳ ಬೇಕೇ ಬೇಕು, ಇಲ್ಲವಾದರೆ ಹೊಟ್ಟೆಯಲ್ಲಿ 12–15 ಮಿ.ಮೀ. ಪಾದರಸದ ಒತ್ತಡದಲ್ಲಿ ತುಂಬಿದ ಕಾರ್ಬನ್ ಡೈಆಕ್ಸೈಡ್ ಅಲ್ಲಿಂದಲೇ ಸೋರುತ್ತದೆ. ರಾಡಿನ ಸುತ್ತ ಹಿಂಬದಿಯಲ್ಲಿ ಸಿಲಿಕೋನ್ ಓ-ರಿಂಗ್. ತೊಳೆತದ ಪರೀಕ್ಷೆಗೆ ಕಸಾಯಿಖಾನೆಯಿಂದ ತಂದ ಕುರಿಯ ರಕ್ತ ತುಂಬಿ, ಒಂದು ತಾಸು ಒಣಗಲು ಬಿಟ್ಟು, 20 ಮಿ.ಲೀ. ಸಿರಿಂಜಿನಿಂದ ತಣ್ಣೀರು ಹಾಯಿಸುತ್ತೇನೆ. ಬಿಸಿನೀರು ಹಾಯಿಸಿದರೆ ಪ್ರೋಟೀನ್ ಹೆಪ್ಪುಗಟ್ಟಿ ಗೋಡೆಗೆ ಅಂಟುತ್ತದೆ. ನಂತರ ಬಿಚ್ಚಿ, ಬ್ರಷ್ ಹಾಯಿಸಿ, ಒಳಗೆ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟರೆ ರಕ್ತ ಉಳಿದಲ್ಲಿ ನೊರೆ ಏಳುತ್ತದೆ. ನೊರೆ ಬರುವ ಜಾಗದಲ್ಲಿ ನಕ್ಷೆ ತಿದ್ದಬೇಕು, ಬ್ರಷ್ ಬದಲಿಸಿ ಪ್ರಯೋಜನವಿಲ್ಲ.

ಹಿಡಿತದ ಪರೀಕ್ಷೆ ತರಬೇತಿ ಪೆಟ್ಟಿಗೆಯಲ್ಲಿ, ಕೋಳಿಯ ಚರ್ಮ ಮತ್ತು ಕರುಳಿನ ಮೇಲೆ. ರೋಗಿಯ ಮೇಲೆ ಪರೀಕ್ಷೆ ಎಂಬ ಮಾತೇ ಇಲ್ಲ. ವೈದ್ಯಕೀಯ ಉಪಕರಣಗಳ ನಿಯಮ 2017ರ ಪ್ರಕಾರ ತಯಾರಿಕೆಗೆ ಪರವಾನಗಿ ಬೇಕು, ವೈದ್ಯಕೀಯ ಉಪಕರಣಗಳ ಗುಣಮಟ್ಟ ನಿರ್ವಹಣೆಯ ಮಾನಕವಾದ ಐಎಸ್‌ಒ 13485 ಮಾದರಿಯ ದಾಖಲೆ ಬೇಕು. ಪ್ರತಿ ತುಂಡಿನ ಸ್ಟೀಲ್ ಯಾವ ಹೀಟ್ ನಂಬರಿನದು (ಕಾರ್ಖಾನೆಯಲ್ಲಿ ಒಟ್ಟಿಗೆ ಕರಗಿಸಿದ ಲೋಹದ ಗುರುತು), ಹದ ಕೊಟ್ಟ ದಿನ ಯಾವುದು ಎಂದು ಬರೆದಿಡುವುದನ್ನು ಮೊದಲ ಮಾದರಿಯಿಂದಲೇ ರೂಢಿಸಿಕೊಂಡರೆ ಮುಂದೆ ತೊಡಕಿಲ್ಲ.

ಆಸ್ಪತ್ರೆಗೆ ಕೊಡುವಾಗ ಜೊತೆಗೆ ಒಂದು ಹಾಳೆ ಕೊಡುತ್ತೇನೆ, ಕನ್ನಡದಲ್ಲಿ, ತೊಳೆಯುವ ಸಿಬ್ಬಂದಿಗೆಂದೇ ಬರೆದದ್ದು. ಸಲೈನ್‌ನಲ್ಲಿ ಅದ್ದಿಡಬೇಡಿ. ಗ್ಲುಟರಾಲ್ಡಿಹೈಡ್ ಎಂಬ ಕ್ರಿಮಿನಾಶಕ ದ್ರವದಲ್ಲಿ ಇಟ್ಟಿದ್ದರೆ ಒಳಗೂ ಹೊರಗೂ ಸ್ಟೆರೈಲ್ ನೀರು ಹಾಯಿಸಿ. ಕೊನೆಯ ತೊಳೆತ ಡಿಸ್ಟಿಲ್ಡ್ ನೀರಿನಲ್ಲೇ ಇರಲಿ, ಬಾವಿಯದು ಬೇಡ. ಕೀಲಿಗೆ ತೆಂಗಿನೆಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಹಾಕಬೇಡಿ, ಎಣ್ಣೆಯ ಕೆಳಗೆ ಹಬೆ ಹೋಗುವುದಿಲ್ಲ. ನೀರಿನಲ್ಲಿ ಕರಗುವ ಇನ್ಸ್‌ಟ್ರುಮೆಂಟ್ ಮಿಲ್ಕ್ ಹಾಕಿ. ಆಟೋಕ್ಲೇವ್‌ಗೆ ಬಿಚ್ಚಿದ ಸ್ಥಿತಿಯಲ್ಲೇ ಇಡಿ. ಜೂನಿನಿಂದ ಸೆಪ್ಟೆಂಬರ್ ತನಕ ಒದ್ದೆ ಪ್ಯಾಕನ್ನು ಕಪಾಟಿಗೆ ಸೇರಿಸಬೇಡಿ, ಒಣಗಿಸುವ ಸುತ್ತನ್ನು ಹೆಚ್ಚಿಸಿ. ಹಾಳೆಯ ಜೊತೆ ಎರಡು ಓ-ರಿಂಗ್, ಒಂದು ಪ್ಲಾಸ್ಟಿಕ್ ತೋಳು, 3.5 ಮಿ.ಮೀ. ಕೊಳವೆಗೆ ಹೊಂದುವ ನೈಲಾನ್ ಬ್ರಷ್.