ಸೊನ್ನೆ ಖಾಲಿಯಲ್ಲ: ಪರ್ಲ್‌ನಲ್ಲಿ ಪುಸ್ತಕ ಪಟ್ಟಿ ಗುಡಿಸಿದ ಅನುಭವ

ಬದಿಯಡ್ಕ ಕಡೆಯ ಒಂದು ಗ್ರಂಥಾಲಯದ ಪುಸ್ತಕ ಪಟ್ಟಿ ಜೇಸನ್ (ಮಾಹಿತಿಯನ್ನು ಹೆಸರಿಟ್ಟ ಖಾನೆಗಳಲ್ಲಿ ಬರೆದಿಡುವ ಪಠ್ಯರೂಪ) ಫೈಲಾಗಿ ನನ್ನ ಕೈಗೆ ಬಂತು. ಕಾಸರಗೋಡಿನ ಪಟ್ಟಿ ಅಂದ ಮೇಲೆ ಎರಡು ಭಾಷೆ ಇರಲೇಬೇಕು ಅಲ್ವಾ? ಹೆಸರು, ಲೇಖಕ, ಪ್ರಕಾಶಕ ಎಲ್ಲಕ್ಕೂ ಕನ್ನಡದ್ದೊಂದು ಖಾನೆ, ಮಲಯಾಳದ್ದೊಂದು ಖಾನೆ. ಯಾವ ಪುಸ್ತಕ ತೆಗೆದರೂ ಅರ್ಧ ಖಾಲಿ. ಹ್ಯಾಶಿನೊಳಗೆ (ಹೆಸರಿಟ್ಟ ಖಾನೆಗಳ ಗುಂಪು) ಹ್ಯಾಶ್, ಅದರೊಳಗೆ ಅರೇ (ಸಾಲಾಗಿ ಇಟ್ಟ ಪಟ್ಟಿ), ಅದರೊಳಗೆ ಏನೂ ಇಲ್ಲ.

ಈ ಖಾಲಿ ಖಾನೆಗಳನ್ನು ತೆಗೆಯಲು ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ತನ್ನನ್ನೇ ಕರೆದುಕೊಳ್ಳುವ ಒಂದು ಸಣ್ಣ ಫಂಕ್ಷನ್ ಬರೆದೆ. ಕೈಗೆ ಬಂದದ್ದು ಹ್ಯಾಶೋ ಅರೇಯೋ ಎಂದು 'ರೆಫ್' ಹೇಳುತ್ತದೆ. ಮುಖ್ಯವಾದದ್ದು ಕ್ರಮ. ಮೊದಲು ಒಳಗಿನದನ್ನು ಗುಡಿಸಬೇಕು, ಆಮೇಲೆ ಹೊರಗಿನದು ಖಾಲಿಯೋ ಎಂದು ನೋಡಬೇಕು. ಲೇಖಕನ ಮಲಯಾಳದ ಹೆಸರು, ಊರು ಎರಡೂ ಹೋದ ಮೇಲೆ ತಾನೇ ಆ ಹ್ಯಾಶ್ ಖಾಲಿಯಾಗುವುದು? ಮೇಲಿನಿಂದ ಕೆಳಗೆ ಹೋದರೆ ಬರೀ ಆವರಣ ಚಿಹ್ನೆಗಳು ಉಳಿಯುತ್ತವೆ.

ಹ್ಯಾಶಿಗೆ 'ಡಿಲೀಟ್' ಸಾಕು. ಖಾನೆಗಳ ಹೆಸರನ್ನು (ಕೀ) 'ಕೀಸ್' ಮೊದಲೇ ಪಟ್ಟಿ ಮಾಡಿ ಕೊಡುವುದರಿಂದ ಲೂಪಿನ ನಡುವೆ ಅಳಿಸಿದರೂ ತೊಂದರೆ ಇಲ್ಲ. ಅರೇಯ ನಡುವೆ 'ಡಿಲೀಟ್' ಮಾಡಿದರೆ ಜಾಗ ಹಾಗೇ ಉಳಿಯುತ್ತದೆ. ಅಲ್ಲಿ 'ಗ್ರೆಪ್' ಹಾಕಿ ಉಳಿದವನ್ನಷ್ಟೇ ಸೋಸಿಕೊಂಡೆ. ಟ್ರೂ, ಫಾಲ್ಸ್ (ಹೌದು, ಅಲ್ಲ) ಎಂಬ ಬೆಲೆಗಳು ಜೇಸನ್ ಓದುವ ಮಾಡ್ಯೂಲಿನಿಂದ ಆಬ್ಜೆಕ್ಟ್ ಆಗಿ ಬರುತ್ತವೆ, ಅವನ್ನು ಮುಟ್ಟಲಿಲ್ಲ.

ಇನ್ನು ಖಾಲಿ ಅಂದರೆ ಯಾವುದು? ಸುಮ್ನೆ 'ಇಫ್' ಹಾಕಿದರೆ ಪರ್ಲ್ ಸೊನ್ನೆಯನ್ನೂ ಸುಳ್ಳು ಎನ್ನುತ್ತದೆ. 'ಎರವಲು ಹೋದ ಪ್ರತಿ: 0' ಎನ್ನುವುದು ಮಾಹಿತಿ, ಕಸವಲ್ಲ. ಹಾಗಾಗಿ 'ಡಿಫೈನ್ಡ್' (ಏನಾದರೊಂದು ಬೆಲೆ ಇರುವುದು) ಇರಬೇಕು, ಜೊತೆಗೆ ಸ್ಪೇಸ್ ಅಲ್ಲದ ಒಂದಾದರೂ ಅಕ್ಷರ ಇರಬೇಕು ಎಂದು ನಿಯಮ ಮಾಡಿದೆ.

ಅಷ್ಟಾದರೂ ಕೆಲವು ಖಾನೆ ಜಗ್ಗಲಿಲ್ಲ. ಕಣ್ಣಿಗೆ ಖಾಲಿ, ಪರ್ಲ್‌ಗೆ ಅಲ್ಲ. 'ರಾಜ್‌ಕುಮಾರ್' ತರಹದ ಹೆಸರಿನಲ್ಲಿ ಅರ್ಧಾಕ್ಷರ ಬಿಡಿಸಲು ಒಂದು ಕಾಣದ ಅಕ್ಷರ ಟೈಪ್ ಮಾಡುತ್ತೇವಲ್ಲ, ಯೂನಿಕೋಡಿನ 200ಸಿ, ಉಳಿದದ್ದನ್ನು ಅಳಿಸಿದಾಗ ಅದೊಂದು ಕೂತುಬಿಟ್ಟಿತ್ತು. ಅದು ಸ್ಪೇಸ್ ಲೆಕ್ಕಕ್ಕೆ ಬರುವುದಿಲ್ಲ. ಪರೀಕ್ಷೆಗೆ ಮಾತ್ರ ಒಂದು ನಕಲು ತೆಗೆದು, ಅದರಿಂದ ಈ ಅಕ್ಷರ ಕಿತ್ತು ನೋಡಿದೆ. ಮೂಲದಿಂದ ಕಿತ್ತರೆ ಒಳ್ಳೆಯ ಹೆಸರುಗಳೂ ಕೆಡುತ್ತವೆ.

ತಿಂಗಳವಾರು ಎರವಲಿನ 12 ಮನೆಯ ಅರೇಯನ್ನು ಮಾತ್ರ ಗುಡಿಸಲೇ ಇಲ್ಲ. ಜೂನ್ ಖಾಲಿ ಎಂದು ತೆಗೆದರೆ ಜುಲೈ ಲೆಕ್ಕ ಜೂನ್‌ಗೆ ಜಾರುತ್ತದೆ. ಅಂಥ ಕೀಗಳ ಹೆಸರನ್ನು ಬೇರೆ ಹ್ಯಾಶಿನಲ್ಲಿಟ್ಟೆ. ಅವು ಸಿಕ್ಕಿದಾಗ ಫಂಕ್ಷನ್ ಒಳಗೆ ಇಳಿಯದೆ ಮುಂದೆ ಹೋಗುತ್ತದೆ.